ಮುಂದಿನ ಗೋಡೆಯ ನೀಲಿ

ಭಾಲ್ಕಿಯ ಕೋಟೆ ಓಣಿಯಲ್ಲಿ ಗುಂಡಮ್ಮ ಮೂಗು ಮುರಿಯದ ಮನೆ ಒಂದೂ ಇರಲಿಲ್ಲ. ಬಲಗಡೆಯ ಅಂಜನಾಬಾಯಿಯ ಅಂಗಳದಲ್ಲಿ ಕಸಬರಿಗೆ ಆಡಿದ್ದು ಯಾವ ಕಾಲದಲ್ಲೋ ಎನ್ನುವಳು. ಎಡಗಡೆಯವರು ಗೋಡೆ ಸಾರಿಸಿದರೆ ಎಮ್ಮೆ ಮೈ ಉಜ್ಜಿಕೊಂಡು ಹೋದ ಹಾಗಿರುತ್ತದೆ ಎನ್ನುವಳು. ಎದುರಿನ ಸಾಹುಕಾರರ ಗಚ್ಚಿನ ಮನೆಯನ್ನೂ ಅವಳು ಬಿಟ್ಟವಳಲ್ಲ. ಅಷ್ಟು ದೊಡ್ಡ ಬಾಗಿಲಿದ್ದೂ ಹೊಸ್ತಿಲಿಗೆ ಚಿಟಿಕೆ ಅರಿಶಿನ ಹಚ್ಚುವ ಕೈ ಒಂದಿಲ್ಲವಲ್ಲ ಎಂದು ನೀರಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ತನ್ನಷ್ಟಕ್ಕೆ ಎಂದರೆ ಮೂರು ಮನೆಗೆ ಕೇಳಿಸುವಷ್ಟು.

ಅವಳದು ಮೂರು ಅಂಕಣದ ಮಣ್ಣಿನ ಮನೆ. ಗಂಡ ಮಡೆಪ್ಪ ಪೇಟೆಯ ಆಡತಿ ಅಂಗಡಿಯಲ್ಲಿ ಕಾಳು ತೂಗುವವನು. ಹಗಲೆಲ್ಲ ಬೇರೆಯವರ ಜೋಳ, ತೊಗರಿ ತೂಗಿ, ಸಂಜೆಗೆ ರೆಪ್ಪೆಯ ಮೇಲೆ ಧೂಳು ಹೊತ್ತು ಬಂದು, ಇಟ್ಟದ್ದನ್ನು ಉಂಡು ಮಲಗುವ ಗರೀಬ ಮನುಷ್ಯ. ಹಿರಿಯ ಮಗಳು ಮಾಣಿಕಮ್ಮ ಮದುವೆಯ ವಯಸ್ಸಿಗೆ ಬಂದಿದ್ದಳು. ಅವಳ ಕೆಳಗೆ ಇಬ್ಬರು, ಅವರ ಕೆಳಗೆ ಸೊಂಟ ಬಿಟ್ಟಿಳಿಯದ ಕೂಸೊಂದು. ಹಿತ್ತಲಲ್ಲಿ ಎಮ್ಮೆ. ಪಡಸಾಲೆಯ ಮೂಲೆಯಲ್ಲಿ ಅತ್ತೆ ಗುರಮ್ಮ. ಆಕೆಗೆ ಕಣ್ಣು ಹೋಗಿದ್ದವು, ಕಾಲಿನ ಕಸುವೂ ಹೋಗಿತ್ತು. ನಾಲಿಗೆ ಮಾತ್ರ ನೆಟ್ಟಗಿತ್ತು. ತಂಬಾಕು ಜಗಿದು ಬೂದಿಯ ಕುಡಿಕೆಗೆ ಉಗಿಯುತ್ತ, ಸೊಸೆ ಮಾಡಿದ ರೊಟ್ಟಿ ದಪ್ಪವೆಂದು ದಿನಾ ದೂರುತ್ತ ಕೂತಿರುತ್ತಿದ್ದಳು.

ಊರಿಗೆ ದೊಡ್ಡ ಜ್ವರ ಬಂದು ಮನೆಮನೆಯಿಂದ ಒಬ್ಬಿಬ್ಬರನ್ನು ಎತ್ತಿಕೊಂಡು ಹೋದ ಮೇಲೆ ಎರಡು ಬೇಸಿಗೆ ಯಾರಿಗೂ ಗೋಡೆಯ ಕಡೆ ನೋಡುವ ಮನಸ್ಸಿರಲಿಲ್ಲ. ಆ ಸಲ ಜೋಳದ ರಾಶಿ ಮುಗಿದ ಕೂಡಲೇ ಗುಂಡಮ್ಮ ಸೀರೆಯ ಕಚ್ಚೆ ಬಿಗಿದಳು. ಕೈ ಬಿಚ್ಚಿ ಖರ್ಚು ಮಾಡುವ ಮನೆತನ ಅವರದಲ್ಲ. ಹಾಳುಬಿದ್ದ ಕೋಟೆ ಗೋಡೆಯ ಬುಡದಿಂದ ಬಿಳಿಮಣ್ಣು ಅಗೆದು ಬುಟ್ಟಿಯಲ್ಲಿ ಹೊತ್ತು ತಂದಳು. ಬೀದರಿಗೆ ಬಾಡಿಗೆ ಹೊಡೆಯುವ ಬಂಡಿಯ ಧೊಂಡಿಬಾನಿಗೆ ಹರಿದ ಕೌದಿಯೊಂದನ್ನು ಹೊಲಿದು ಕೊಟ್ಟು, ಅದಕ್ಕೆ ಬದಲಾಗಿ ಅಲ್ಲಿಯ ಕೆಮ್ಮಣ್ಣು ಒಂದು ಚೀಲ ತರಿಸಿದಳು. ಅರ್ಧ ಗೋಡೆ ಬೆಳಗಿನ ರೊಟ್ಟಿಗಿಂತ ಮುಂಚೆ, ಉಳಿದದ್ದು ಎಮ್ಮೆ ಹಿಂಡಿದ ಮೇಲೆ. ಬಲಗೈಯಲ್ಲಿ ಸಾರಿಸುವ ಅರಿವೆ, ಎಡಸೊಂಟದಲ್ಲಿ ಕೂಸು. ಕೂಸು ಅತ್ತರೆ ಕೈ ತೊಳೆದು ಹಾಲೂಡಿಸುವಳು; ಅಷ್ಟರಲ್ಲಿ ಕಲಸಿದ ಮಣ್ಣು ಗಟ್ಟಿಯಾಗಿರುತ್ತಿತ್ತು, ಮತ್ತೆ ನೀರು ಹಾಕುವಳು. ಮಾಣಿಕಮ್ಮ ದೀಪದ ಗೂಡಿನ ಸುತ್ತ ಹಸಿಮಣ್ಣಿನಲ್ಲಿ ಒಡೆದ ಬಳೆಯ ಚೂರು ಒತ್ತಿ ಬಳ್ಳಿ ಬಿಡಿಸಿದಳು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಬೆರಳಲ್ಲೇ ಎಳೆದ ಸಾಲು ಗಿಳಿಗಳು. ಮುಂದಿನ ಗೋಡೆ ಮುಗಿದ ದಿನ ಗುಂಡಮ್ಮ ಓಣಿಯ ಆ ಬದಿಗೆ ಹೋಗಿ ನಿಂತು, ಬೇರೆಯವರ ಮನೆ ನೋಡುವ ಕಣ್ಣಿನಿಂದ ತನ್ನ ಮನೆಯನ್ನು ನೋಡಿದಳು. ಬೈಯಲು ಏನೂ ಸಿಗಲಿಲ್ಲ.

ಸಿಗದ್ದನ್ನು ಒದಗಿಸಿಕೊಡಲಿಕ್ಕೆ ಭಾವ ಬಂದ.

ಮಡೆಪ್ಪನ ಅಣ್ಣ ಮನ್ಮಥಪ್ಪ ಬೀದರದ ಒಂದು ಕಚೇರಿಯಲ್ಲಿ ಸಣ್ಣ ನೌಕರಿ ಮಾಡಿಕೊಂಡಿದ್ದ. ಯಾವ ಕಚೇರಿ, ಏನು ಕೆಲಸ ಎಂದು ಭಾಲ್ಕಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಹೇಬರು ಅವನನ್ನು ಕೇಳದೆ ನೀರು ಕುಡಿಯುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು, ಅದನ್ನು ಅವನೇ ಹೇಳಿದ್ದರಿಂದ. ಕೆಂಪು ತುರ್ಕಿ ಟೊಪ್ಪಿಗೆ, ಮೊಣಕೈಯಲ್ಲಿ ಸವೆದ ಶೇರವಾನಿ, ಮಾನ ಎನ್ನಲು ಮಾತಿಗೊಮ್ಮೆ ಇಜ್ಜತ್ತು, ಏರ್ಪಾಡು ಎನ್ನಲು ಮಾತಿಗೊಮ್ಮೆ ಇಂತಜಾಮು. ಗುಂಡಮ್ಮ ಒಮ್ಮೆ ಅವನ ಬೀದರದ ಬಿಡಾರ ನೋಡಿ ಬಂದಿದ್ದಳು. ಮುಂದಿನ ಕೋಣೆಯಲ್ಲಿ ಕುರ್ಚಿ, ಗೋಡೆಯ ಮೇಲೆ ತಸವೀರು, ನೆಲದ ಮೇಲೆ ಜಮಖಾನೆ. ನಡುವೆ ಒಂದು ಪರದೆ. ಪರದೆಯ ಹಿಂದೆ ಮುಸುರೆ ಪಾತ್ರೆಯ ರಾಶಿ, ಕರಿ ಹಿಡಿದ ಗೋಡೆ, ಎರಡು ದಿನದ ಪಲ್ಯದ ವಾಸನೆ. ಅಂದಿನಿಂದ ಭಾವನ ವಿಷಯದಲ್ಲಿ ತಿಳಿಯಬೇಕಾದದ್ದೇನೂ ಉಳಿದಿಲ್ಲವೆಂದು ಅವಳು ತೀರ್ಮಾನಿಸಿದ್ದಳು.

ಭಾವನ ಎದುರು ನಿಂತು ಮಾತಾಡುವ ರೂಢಿ ಆ ಕಾಲದ ಸೊಸೆಯರಿಗೆ ಇರಲಿಲ್ಲ. ಅವನೂ ಅವಳಿಗೆ ನೇರ ಹೇಳುವವನಲ್ಲ. ಧೊಂಡಿಬಾನ ಬಂಡಿಯಿಂದ ಇಳಿದವನೇ ಹೊಸ ಗೋಡೆಯ ಮೇಲೆ ಕೋಲಿನಿಂದ ತಟ್ಟಿ, ತಮ್ಮನಿಗೆ ಹೇಳಿದ:

"ಮಡ್ಯಾ, ಇದೇನೋ ಇದು? ಮನಿಯೋ ದನದ ಕೊಟಗಿಯೋ? ಸೋಮವಾರ ಬೀದರದ ಹಾವಗೆಪ್ಪನೋರು ತಮ್ಮ ಮಗನ ಸಲುವಾಗಿ ನಮ್ಮ ಮಾಣಿಕಿಗಿ ನೋಡ್ಲಾಕ ಬರ್ತಾರ. ಬಟ್ಟಿ ಅಂಗಡಿ ಅದ ಅವರ್ದು. ಅಂಥಾ ಮಂದಿಗಿ ಮಣ್ಣಿನ ಗಿಳಿ ತೋರಸ್ತೀ ಏನು? ನಿನ್ನ ಹೆಂಡ್ತಿಗಿ ಹೇಳು, ಮನ್ಯಾಗ ಸೆಗಣಿ ವಾಸನಿ ಬರಬಾರ್ದು."

ಗುಂಡಮ್ಮ ಹಿತ್ತಲಲ್ಲಿ ಎಮ್ಮೆಗೆ ಮುಸುರೆ ಇಡುತ್ತಿದ್ದಳು. ಸೆರಗು ಎಳೆದುಕೊಂಡು ಎಮ್ಮೆಗೆ ಹೇಳಿದಳು: "ಕೇಳ್ದೇನೇ? ಇನ್ನ ಮ್ಯಾಲ ಸೆಗಣಿ ಹಾಕಬ್ಯಾಡಂತ. ಅತ್ತರ ಹಾಕು."

ಮಡೆಪ್ಪ ಕೆಮ್ಮಿ ಮಾತು ಮುಚ್ಚಿದ.

ಬಂಡಿಯಿಂದ ಸಾಮಾನು ಇಳಿಯಿತು. ಎಲ್ಲವೂ ಬೀದರದಲ್ಲಿ ಅವರಿವರಿಂದ ಎರಡು ದಿನಕ್ಕೆಂದು ಕೇಳಿ ತಂದದ್ದು. ಮೂರು ಕುರ್ಚಿ, ಒಂದಕ್ಕೆ ಕೈ ಇಲ್ಲ. ಅಲ್ಲಲ್ಲಿ ಇಲಿ ಕಡಿದ ಜಮಖಾನೆ. ಕಚೇರಿಯಿಂದ ತೆಗೆದುಹಾಕಿದ್ದ ಹಸಿರು ಪರದೆ. ಗಾಜಿನ ಬುರುಡೆಯ ದೀಪ. ಕೆರೆಯ ದಂಡೆಯಲ್ಲಿ ಬಿಳಿಯ ದೊರೆಸಾನಿಯೊಬ್ಬಳು ಕೊಡೆ ಹಿಡಿದು ನಿಂತಿದ್ದ ತಸವೀರು. ದೊರೆಸಾನಿಯನ್ನು ನೋಡಿ ಗುಂಡಮ್ಮ, "ಈಕಿ ಯಾವ ಊರ ಬೀಗತಿ ಅಂತ ಕೇಳ್ರಿ," ಎಂದು ಗಂಡನಿಗೆ ಹೇಳಿದಳು. ಮಡೆಪ್ಪ ಕೇಳಲಿಲ್ಲ.

ಮರುದಿನ ಅವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ಮುಂದಿನ ಗೋಡೆ ಇರಲಿಲ್ಲ. ಅಂದರೆ ಗೋಡೆ ಇತ್ತು, ನೀಲಿಯಾಗಿತ್ತು. ಬೀದರದ ಒಳ್ಳೆಯ ಮನೆಗಳೆಲ್ಲ ನೀಲಿಯೇ ಎಂದು ಮನ್ಮಥಪ್ಪ ಸುಣ್ಣಕ್ಕೆ ನೀಲಿಪುಡಿ ಕದಡಿಸಿ, ತಮ್ಮನ ಕೈಗೆ ಕುಂಚ ಕೊಟ್ಟು, ತಾನು ಕುರ್ಚಿಯಲ್ಲಿ ಕೂತು ಬಳಿಸಿದ್ದ. ಹೊರಗೋಡೆ, ಪಡಸಾಲೆ ಎರಡೂ ಆಗಿದ್ದವು. ಕೆಮ್ಮಣ್ಣಿನ ಪಟ್ಟಿ, ಗಿಳಿಯ ಸಾಲು, ಮಾಣಿಕಮ್ಮನ ಬಳೆಚೂರಿನ ಬಳ್ಳಿ ಎಲ್ಲ ಮುಳುಗಿದ್ದವು. ಅಡಿಗೆಮನೆಯನ್ನು ಮುಟ್ಟಿರಲಿಲ್ಲ. ಅಲ್ಲಿಗೆ ಬೀಗರು ಬರುವುದಿಲ್ಲವಲ್ಲ.

ಗುಂಡಮ್ಮ ಒದ್ದೆ ಬಟ್ಟೆಯ ಬುಟ್ಟಿ ತಲೆಯ ಮೇಲೆಯೇ ಇಟ್ಟುಕೊಂಡು ಗಿಳಿಗಳಿದ್ದ ಜಾಗ ಹುಡುಕಿದಳು. ಗಂಡನ ಗಡ್ಡದಲ್ಲಿ, ರೆಪ್ಪೆಯಲ್ಲಿ ನೀಲಿ ಚುಕ್ಕೆ. ಅವನು ಅವಳ ಮುಖ ನೋಡಲಿಲ್ಲ. ಇವನು ಬೈಯಿಸಿಕೊಳ್ಳಲಿಕ್ಕೂ ಯೋಗ್ಯನಲ್ಲ ಎಂದುಕೊಂಡು ಅವಳು ಒಳಗೆ ಹೋಗಿ ಬಟ್ಟೆ ಒಣಹಾಕಿದಳು.

ಸೋಮವಾರ ಬೆಳಗಾಗುತ್ತಲೇ ಪರದೆ ಕಟ್ಟಿಯಾಯಿತು. ಬೀಗರು ಉಂಡು ಏಳುವ ತನಕ ಹುಡುಗಿಯ ಹೊರತು ಹೆಂಗಸರು ಯಾರೂ ಪರದೆ ದಾಟಿ ಬರಬಾರದೆಂದು ಹುಕುಮ್ ಆಯಿತು. ಎಮ್ಮೆಯನ್ನು ಹೊಡೆದುಕೊಂಡು ಹೋಗಿ ಅಂಜನಾಬಾಯಿಯ ಕೊಟ್ಟಿಗೆಯಲ್ಲಿ ಕಟ್ಟಿದರು. ಗುಂಡಮ್ಮನಿಗೆ ತಲೆ ಎತ್ತುವಷ್ಟು ಪುರುಸೊತ್ತಿರಲಿಲ್ಲ. ಬೇಳೆ ಬೇಯಬೇಕು, ಹೂರಣ ರುಬ್ಬಬೇಕು, ಮಗಳ ಜಡೆ ಹಾಕಬೇಕು, ಕೂಸಿಗೆ ಅಂದೇ ಹೊಟ್ಟೆ ಕೆಟ್ಟಿತ್ತು. ಹೊರಗೆ ಬಂಡಿಯ ಗಂಟೆ ಕೇಳಿಸಿತು, ಬರ್ರಿ ಬರ್ರಿ ಎಂಬ ಭಾವನ ದನಿ ಕೇಳಿಸಿತು, ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

ಹಾವಗೆಪ್ಪ ದಪ್ಪ ಮನುಷ್ಯ, ಹಣೆಯ ತುಂಬ ವಿಭೂತಿ. ಕೈ ಇಲ್ಲದ ಕುರ್ಚಿ ಅವನ ಪಾಲಿಗೇ ಬಂದಿತ್ತು. ಹೆಂಡತಿ ಸುಮಿತ್ರಾಬಾಯಿ ಜಮಖಾನೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಜೊತೆಗೆ ಇನ್ನಿಬ್ಬರು ನೆಂಟರು. ಮಾಣಿಕಮ್ಮ ನೀರು ಕೊಟ್ಟು ನಮಸ್ಕಾರ ಮಾಡಿ ಪರದೆಯ ಒಳಗೆ ಬಂದಳು. ಸುಮಿತ್ರಾಬಾಯಿ ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಗಾಜಿನ ದೀಪವನ್ನು ನೋಡಿದಳು. ಪರದೆಯ ಸಂದಿನಿಂದ ಇದನ್ನು ಕಂಡ ಗುಂಡಮ್ಮ ಮನಸ್ಸಿನಲ್ಲೇ ಆಕೆಯನ್ನೂ ತೂಗಿ ಬದಿಗಿಟ್ಟಳು.

"ಹುಡುಗಿ ಅಜ್ಜಿ ಇದ್ದಾರಂತ ಕೇಳಿದ್ವಿ. ಎಲ್ಲಿ ಕಾಣವಲ್ರು?" ಸುಮಿತ್ರಾಬಾಯಿ ಕೇಳಿದಳು.

"ನಮ್ಮ ಅವ್ವ ಜನವಾಡದಾಗ ಇದ್ದಾಳ್ರಿ," ಮನ್ಮಥಪ್ಪನ ದನಿ ತುಪ್ಪದಂತಿತ್ತು. "ನಮ್ಮ ಚಿಕ್ಕಮ್ಮನ ಮನ್ಯಾಗ. ಆಕಿಗಿ ಅಲ್ಲಿ ಹವಾ ಒಗ್ತದ್ರಿ."

ಗುಂಡಮ್ಮ ಹೋಳಿಗೆ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಅತ್ತೆಗಾಗಿ ಮೊದಲ ಹೋಳಿಗೆಯನ್ನು ತುಪ್ಪದಲ್ಲಿ ಕಿವುಚಿ ಬಟ್ಟಲಲ್ಲಿ ತೆಗೆದಿಟ್ಟಿದ್ದಳು. ಪರದೆ ದಾಟಲು ಅಪ್ಪಣೆ ಇಲ್ಲದ್ದರಿಂದ ಕೊಟ್ಟಿರಲಿಲ್ಲ. ಮತ್ತೆ ಸಂದಿನಿಂದ ಬಗ್ಗಿ ನೋಡಿದಳು. ಪಡಸಾಲೆಯ ಮೂಲೆಯಲ್ಲಿ ಅತ್ತೆ ಇರಲಿಲ್ಲ. ಹಾಸಿಗೆ ಇಲ್ಲ, ಬೂದಿಯ ಕುಡಿಕೆ ಇಲ್ಲ. ಅಲ್ಲಿ ಕುರ್ಚಿ ಹಾಕಿಕೊಂಡು ಮನ್ಮಥಪ್ಪ ಕೂತಿದ್ದ. ಅವನ ತಲೆಯ ಮೇಲೆ ಕೊಡೆಯ ದೊರೆಸಾನಿ.

"ಅಜ್ಜಿ ಎಲ್ಲ್ಯವ್ವಾ?" ಮಗಳನ್ನು ಪಿಸುದನಿಯಲ್ಲಿ ಕೇಳಿದಳು.

ಮಾಣಿಕಮ್ಮ ನೆಲ ನೋಡಿದಳು. "ಅಂಜನಕ್ಕನ ಕೊಟಗ್ಯಾಗ. ನಸುಕಿನ್ಯಾಗ ದೊಡ್ಡಪ್ಪ, ಅಪ್ಪ ಕೂಡಿ ಹೊತ್ಕೊಂಡು ಹೋದ್ರು. ನಿನಗ ಹೇಳಬ್ಯಾಡ ಅಂದಾರ."

ಅತ್ತೆಯ ಮೇಲೆ ಗುಂಡಮ್ಮನಿಗೆ ಪ್ರೀತಿ ಇತ್ತೆಂದು ಯಾರೂ ಹೇಳಲಾರರು. ಹೊಸ ಸೊಸೆಯಾಗಿ ಬಂದಾಗ ಗುರಮ್ಮ ಅವಳ ರೊಟ್ಟಿಯನ್ನು ನಾಯಿಗೆ ಹಾಕಿ ತೋರಿಸಿದ್ದಳು. ಅದನ್ನು ಅವಳು ಮರೆತಿರಲಿಲ್ಲ. ಆದರೆ ಮುದುಕಿಯ ಮೈ ತೊಳೆದವಳು ತಾನು, ಹೇಲು ಉಚ್ಚೆ ಬಳಿದವಳು ತಾನು. ವರ್ಷಕ್ಕೊಮ್ಮೆ ಬಂದು ಅವ್ವಾ ಎಂದು ಕರೆದು ಹೋಳಿಗೆ ತಿಂದು ಹೋಗುವ ಈ ಟೊಪ್ಪಿಗೆಯವನು ತನ್ನನ್ನು ಕೇಳದೆ ಆಕೆಯನ್ನು ಎತ್ತಿ ದನದ ಮನೆಗೆ ಹಾಕಿದ್ದಾನೆ.

ಹಿಂಬಾಗಿಲಿನಿಂದ ಹೋದಳು. ಗುರಮ್ಮ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ಹಬ್ಬಕ್ಕೆ ಉಡುವ ಸೀರೆ ತಾನೇ ಹೇಗೋ ಸುತ್ತಿಕೊಂಡಿದ್ದಳು, ಸೆರಗು ತಿರುಗುಮುರುಗು.

"ಯಾರು, ಗುಂಡಿ ಏನು? ಬೀಗರು ಬಂದರೇನು? ಮಂದಿ ಬಾಯಿ ಕೇಳಸ್ಲತ್ತದ. ನನಗ ಯಾರೂ ಕರೀವಲ್ರು. ತಂಬಾಕ ಸುದಾ ಕೊಟ್ಟಿಲ್ಲ."

"ಬಂದಾರ್ರಿ ಅತ್ತಿ. ನಿಮ್ಮ ದೊಡ್ಡ ಮಗ ನಿಮಗ ಜನವಾಡಕ್ಕ ಕಳಸ್ಯಾನ."

"ಜನವಾಡಕ್ಕ? ಇಲ್ಲಿ ನಮ್ಮ ಎಮ್ಮಿ ವಾಸನಿ ಬರ್ಲತ್ತದಲ್ಲ?"

"ಎಮ್ಮೀಗೂ ಜನವಾಡಕ್ಕ ಕಳಸ್ಯಾನ್ರಿ."

ಮುದುಕಿ ಕಟ್ಟಿಗೆ ಹೊರೆಯಷ್ಟೂ ತೂಕವಿರಲಿಲ್ಲ. ಗುಂಡಮ್ಮ ಆಕೆಯನ್ನು ಬೆನ್ನಿಗೆ ಹಾಕಿಕೊಂಡು, ಹಿಂಬಾಗಿಲಿಗಲ್ಲ, ಓಣಿ ಸುತ್ತಿ ಮುಂಬಾಗಿಲಿಗೆ ಬಂದಳು. ಅಂಜನಾಬಾಯಿ ಬಾಯಿಗೆ ಕೈ ಹಚ್ಚಿ ನಿಂತಳು. ಹೂರಣದ ಕೈ, ಬೆವರಿದ ಮುಖ, ಬೆನ್ನ ಮೇಲೆ ಅತ್ತೆ. ಹಾಗೆಯೇ ಗುಂಡಮ್ಮ ಬೀಗರ ನಡುವೆ ನಡೆದುಹೋಗಿ ಮೂಲೆಯ ಕುರ್ಚಿಯ ಎದುರು ನಿಂತಳು. ಮದುವೆಯಾದಂದಿನಿಂದ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದಳು.

"ಭಾವ, ಜನವಾಡದಿಂದ ನಿಮ್ಮ ಅವ್ವ ಬಂದಾಳ್ರಿ. ಜರಾ ಎದ್ದು ಜಾಗಾ ಬಿಡ್ರಿ."

ಮನ್ಮಥಪ್ಪ ಎದ್ದ. ಏಳದೆ ಬೇರೆ ದಾರಿ ಇರಲಿಲ್ಲ. ಮುದುಕಿಯ ಕಾಲು ಅವನ ಮಡಿಲಿಗೇ ಬಂದಿದ್ದವು. ಗುರಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರೆ ಆಕೆ ಹೆದರಿ ಎರಡೂ ಕೈಯಿಂದ ಅಂಚು ಹಿಡಿದಳು.

"ಇದ್ಯಾತರ ಮ್ಯಾಲ ಕುಂದ್ರಸ್ದೀ? ಬೀಳ್ತೇನಿ ನಾ. ಮನ್ಮಥಾ, ನಾ ಜನವಾಡಕ್ಕ ಯಾವಾಗ ಹೋಗಿದ್ನೋ?"

ಸುಮಿತ್ರಾಬಾಯಿ ಸೆರಗು ಮೂಗಿಗೆ ಹಿಡಿದಳು. ಮನ್ಮಥಪ್ಪ ಹಲ್ಲು ಕಚ್ಚಿ ತಮ್ಮನಿಗೆ, "ಇಜ್ಜತ್ ತೆಗದ್ಳಲ್ಲೋ ನಿನ್ನ ಹೆಂಡ್ತಿ," ಎಂದ.

ಗುಂಡಮ್ಮ ತಿರುಗಿದಳು. "ನಿಮ್ಮ ಇಜ್ಜತ್ ಕೊಟಗ್ಯಾಗ ಕುಂತಿತ್ತು ಭಾವ. ಹೊತ್ಕೊಂಡು ತಂದೀನಿ."

ಮುದುಕಿಗೆ ಇದಾವುದೂ ಬೇಕಿರಲಿಲ್ಲ. "ಬೀಗರ ಕಡಿ ಜರಾ ತಂಬಾಕ ಅದ ಏನ್ರಿ?" ಎಂದು ಗಾಳಿಯ ಕಡೆ ಕೈ ಚಾಚಿದಳು. ಹಾವಗೆಪ್ಪ ಹೆಂಡತಿಯ ಮುಖ ನೋಡಿದ, ಮುದುಕಿಯ ಕೈ ನೋಡಿದ, ಸಂಚಿ ಬಿಚ್ಚಿ ಒಂದು ಎಸಳು ಕೊಟ್ಟ. ಅಂದು ಆ ಪಡಸಾಲೆಯಲ್ಲಿ ಮನುಷ್ಯನಂತೆ ನಡೆದುಕೊಂಡವನು ಅವನೊಬ್ಬನೇ ಎಂದು ಗುಂಡಮ್ಮ ಆಮೇಲೆ ಒಪ್ಪಿಕೊಳ್ಳುತ್ತಿದ್ದಳು. ಆದರೆ ಅವನು ಆರು ಹೋಳಿಗೆ ತಿಂದದ್ದನ್ನೂ ಸೇರಿಸಿ ಹೇಳುತ್ತಿದ್ದಳು.

ಊಟ ಹೇಗೋ ಮುಗಿಯಿತು. ಬೀಗರು ಎದ್ದು ಬಂಡಿಯ ಕಡೆ ನಡೆದಾಗ ಓಣಿಯ ಮಕ್ಕಳು ನಕ್ಕವು. ನೀಲಿ ಸುಣ್ಣ ಆರಿದ್ದರೂ ಹಿಡಿದಿರಲಿಲ್ಲ. ಸುಮಿತ್ರಾಬಾಯಿಯ ರೇಶ್ಮೆ ಸೀರೆಯ ಬೆನ್ನು ನೀಲಿ, ನೆಂಟರ ಅಂಗಿಯ ಬೆನ್ನು ನೀಲಿ, ಮನ್ಮಥಪ್ಪನ ಶೇರವಾನಿಯಂತೂ ಕುತ್ತಿಗೆಯಿಂದ ಸೊಂಟದವರೆಗೆ ನೀಲಿ. ಗುಂಡಮ್ಮನಿಗೆ ಕಂಡಿತು. ಒಂದು ಮಾತು ಹೇಳಿದ್ದರೆ ಒದ್ದೆ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಕೈ ಮುಗಿದು, ಹೋಗಿ ಬರ್ರಿ ಎಂದಳು.

ಕುರ್ಚಿ, ಪರದೆ, ದೊರೆಸಾನಿ ಸಮೇತ ಭಾವನೂ ಹೋದ ಮೇಲೆ ಅವಳು ಗಂಡನನ್ನು ಹಿಡಿದಳು.

"ಹೆತ್ತ ತಾಯಿಗಿ ನೀವೂ ಹೊತ್ತೊಯ್ದ್ರಿ?"

ಮಡೆಪ್ಪ ಬಹಳ ಯೋಚಿಸಿ ಹೇಳಿದ: "ನಾ ಕಾಲ ಕಡಿ ಹಿಡಿದಿದ್ದೆ."

ಈ ಉತ್ತರವನ್ನು ಗುಂಡಮ್ಮ ಸಾಯುವ ತನಕ ಬಿಡಲಿಲ್ಲ. ಅವನು ಯಾವ ಕೆಲಸದಿಂದ ನುಣುಚಿಕೊಂಡರೂ, ಬ್ಯಾಡ್ರಿ, ನೀವು ಕಾಲ ಕಡಿ ಹಿಡೀರಿ ಸಾಕು ಎನ್ನುವಳು.

ಬೀದರದಿಂದ ಮಾತು ಬಂತು: ಹುಡುಗಿ ಅಡ್ಡಿಯಿಲ್ಲ, ತಾಯಿಯ ಬಾಯಿ ದೊಡ್ಡದು, ಸಂಬಂಧ ಬೇಡ. ಹೇಳಿದವನು ಧೊಂಡಿಬಾ, ಹೇಳಿ ಮಜ್ಜಿಗೆಯನ್ನೂ ಕುಡಿಯದೆ ಎತ್ತು ಹೊಡೆದ. ಬಟ್ಟೆ ಅಂಗಡಿಯವರ ಮನೆ ನೋಡದೆಯೇ ಅದು ಹೇಗಿರುತ್ತದೆಂದು ತನಗೆ ಗೊತ್ತು ಎಂದು ಗುಂಡಮ್ಮ ಓಣಿಗೆಲ್ಲ ಹೇಳಿದಳು: ಮುಂದೆ ದೀಪ, ಹಿಂದೆ ಮುಸುರೆ. ಆದರೆ ಅಂದು ಸಂಜೆ ಜೋಳ ಬೀಸುತ್ತ ಮಾಣಿಕಮ್ಮ ತಲೆ ಎತ್ತದೆ ಕೇಳಿದಳು: "ಬೀಗರು ಎದ್ದು ಹೋಗೋತನಕ ನೀ ತಡೀಬಹುದಿತ್ತಲ್ಲವ್ವ? ಅಜ್ಜಿ ಅಲ್ಲಿ ಇನ್ನೊಂದು ತಾಸು ಕುಂತಿದ್ರ ಸಾಯ್ತಿದ್ಳೇನು?"

ಹುಡುಗಿಗೆ ಆ ಸಂಬಂಧ ಮನಸ್ಸಿಗೆ ಬಂದಿತ್ತೋ, ಆ ಊರು ಬಂದಿತ್ತೋ ಗುಂಡಮ್ಮ ಕೇಳಿರಲೇ ಇಲ್ಲ. ಕೂತು ಬೀಸುಕಲ್ಲಿನ ಗೂಟದ ಇನ್ನೊಂದು ಬದಿ ಹಿಡಿದಳು. ಮಗಳು ಕೈ ತೆಗೆಯಲಿಲ್ಲ, ಮಾತನ್ನೂ ಆಡಲಿಲ್ಲ. ಬಹಳ ದಿನ ಹಾಗೆಯೇ ನಡೆಯಿತು.

ಮಳೆಗಾಲದಲ್ಲಿ ಗುರಮ್ಮ ತನ್ನ ಮೂಲೆಯಲ್ಲೇ ತೀರಿಕೊಂಡಳು. ಮನ್ಮಥಪ್ಪ ಬಂದು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತ. ಗುಂಡಮ್ಮ ಅಳಲಿಲ್ಲ; ಮುದುಕಿಗೆ ಹಬ್ಬದ ಸೀರೆಯನ್ನು ಸರಿಯಾಗಿ ಉಡಿಸಿದಳು.

ಮರುವರ್ಷ ಠಾಣಾ ಕುಶನೂರಿನ ಬಕ್ಕಪ್ಪ ಎಂಬ ರೈತ ತನ್ನ ಮಗನಿಗೆ ಹೆಣ್ಣು ಕೇಳಲು ಬಂದ. ಮುಂಚೆ ಹೇಳಿ ಕಳಿಸಿರಲಿಲ್ಲ. ಗುಂಡಮ್ಮ ಮೊಣಕೈತನಕ ಸೆಗಣಿ ಮಾಡಿಕೊಂಡು ಪಡಸಾಲೆ ಸಾರಿಸುತ್ತಿದ್ದಳು. ಅವನು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದ, ಮಳೆಯ ಮಾತಾಡಿದ, ಈಗಷ್ಟೇ ಸಾರಿಸಿದ ನೆಲದ ಮೇಲೆ ಕೆಸರುಗಾಲಲ್ಲಿ ನಡೆದು ಒಳಗೆ ಬಂದ. ನೀಲಿಯ ಮೇಲೆ ಅವಳು ಮತ್ತೆ ಬಿಳಿಮಣ್ಣು ಬಳಿದಿದ್ದ ಗೋಡೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ನೋಡದವನು ಎಂಥ ಮನುಷ್ಯ ಎಂದು ಅವಳಿಗೆ ತಿರಸ್ಕಾರ ಬಂತು. ಈ ಸಲ ಅದನ್ನು ನುಂಗಿದಳು; ಒಳಗೆ ಹೋಗಿ ಮಗಳನ್ನು ಕೇಳಿದಳು. ಮಾಣಿಕಮ್ಮ ಹೂಂ ಎಂದಳು.

ಮದುವೆಯಾದ ಮೇಲೆ ಬೇಸಿಗೆಯಲ್ಲಿ ಮಗಳನ್ನು ನೋಡಲು ಹೋದಳು. ಔರಾದ ತಾಲೂಕಿನ ದಾರಿಯುದ್ದಕ್ಕೂ ಬಂಡಿಯಲ್ಲಿ ಕುಲುಕಿ ಸೊಂಟ ಹಿಡಿದಿತ್ತು. ಮನೆ ಹೊಕ್ಕರೆ ಅವಳು ಹೆದರಿದ್ದಕ್ಕಿಂತ ಕಡೆ. ಗೋಡೆಯ ಮೇಲೆ ಮೂರು ವರ್ಷದ ಹೊಗೆ, ಗೂಡಿನಲ್ಲಿ ಎಣ್ಣೆಯ ಜಿಡ್ಡು, ಮೂಲೆಯಲ್ಲಿ ಕಿತ್ತುಹೋದ ಗಿಲಾವು. ಮಾಣಿಕಮ್ಮ ತಾಯಿಯ ಮುಖ ನೋಡಿ ಕೈ ಹಿಡಿದುಕೊಂಡಳು.

"ಅವ್ವ, ನಿನ್ನ ಕಾಲ ಬೀಳ್ತೇನಿ. ಏನೂ ಅನಬ್ಯಾಡ. ಮನ್ಯಾಗಿನ ಮಂದಿ ಛಲೋ ಇದ್ದಾರ."

ಗುಂಡಮ್ಮ ಏನೂ ಅನ್ನಲಿಲ್ಲ. ರಾತ್ರಿ ಉಂಡು ಮಲಗಿ, ಬೆಳಗ್ಗೆ ಎದ್ದವಳೇ ಬುಟ್ಟಿ ಹಿಡಿದು, ಇಲ್ಲಿ ಬಿಳಿಮಣ್ಣು ಎಲ್ಲಿ ಸಿಗುತ್ತದೆಂದು ಬಾವಿಯ ಕಟ್ಟೆಯಲ್ಲಿ ಕೇಳಿಕೊಂಡು ಹೋಗಿ ತಂದಳು. ಹೊತ್ತೇರುವಷ್ಟರಲ್ಲಿ ಒಂದು ಗೋಡೆ ಅರ್ಧವಾಗಿತ್ತು. ಹೊಲದಿಂದ ಬಂದ ಬೀಗತಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ಮ ಗೋಡಿಗಿ ಏನಾಗಿತ್ರಿ ಬೀಗತ್ಯಾರ?"

"ಏನೂ ಆಗಿಲ್ರಿ. ನನಗ ಕೈ ಸುಮ್ಮ ಕುಂದ್ರಂಗಿಲ್ರಿ."

ಬೀಗತಿ ಒಳಗಿನಿಂದ ತಾನೊಂದು ಅರಿವೆ ತಂದು, ಅದೇ ಮಣ್ಣಿನಲ್ಲಿ ಅದ್ದಿ, ಎದುರಿನ ಗೋಡೆ ಸಾರಿಸಲು ಹತ್ತಿದಳು. ಆಕೆಯ ಕೈ ಚುರುಕಾಗಿತ್ತು. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಎರಡು ಗೋಡೆಯೂ ಬೆಳ್ಳಗಾದವು. ಮಾಣಿಕಮ್ಮ ಕೆಮ್ಮಣ್ಣು ಕಲಸಿ ತಂದು ಇಬ್ಬರ ನಡುವೆ ಇಟ್ಟಳು.

ಗುಂಡಮ್ಮ ಕುತ್ತಿಗೆ ತಿರುಗಿಸಿ ಬೀಗತಿಯ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಅಂಚು ಸೊಟ್ಟಗಿತ್ತು.